ಇಲ್ಲದ ಗಿಳಿಯ ಕೊರಳಪಟ್ಟಿ

ಆ ದಿನ ನಾನು ಕೂಗಾಡಿದೆ ಎಂದು ನನ್ನ ನೆನಪು ಹೇಳುತ್ತದೆ. ಡೈರಿ ಹಾಗೆ ಹೇಳುವುದಿಲ್ಲ. ನವರಾತ್ರಿಯ ಮೂರನೆಯ ದಿನದ ಪುಟದಲ್ಲಿ ಇರುವುದು ಇಷ್ಟು: "ಆಲ್ಮೆರೆ. ಗೊಂಬೆ ನೋಡಲು. ಏಳು ಹಕ್ಕಿ, ಏಳೂ ಅಸಲಿ. ಏನೂ ಹೇಳಲಿಲ್ಲ. ಕೋಸಂಬರಿ ತಿಂದೆ." ಆಲ್ಮೆರೆ ಎಂಬ ಊರಿನಲ್ಲಿರುವ ಗೆಳತಿಯನ್ನು ಕೇಳಿದರೆ ಮೂರನೆಯ ಕಥೆ ಬರುತ್ತದೆ: ನಾನು ಅವಳ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಅತ್ತೆನಂತೆ. ಈ ಮೂರರಲ್ಲಿ ಯಾವುದನ್ನು ನಂಬಬೇಕೋ ತಿಳಿಯದು. ನೆನಪಿನ ಮೇಲೆ ನಂಬಿಕೆ ಇಲ್ಲದ್ದರಿಂದಲೇ ನಾನು ಡೈರಿ ಬರೆಯುತ್ತೇನೆ. ಆದರೆ ಡೈರಿ ಬರೆಯುವವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಕೋಪ ಬಂದಿದ್ದು ಮಾತ್ರ ನಿಜ. ಇದನ್ನು ಬರೆಯುವಾಗಲೂ ಅದು ಪೂರ್ತಿ ಇಳಿದಿಲ್ಲ.

ನನ್ನ ಕೆಲಸ ಹಳೆಯ ಕಾಗದದ ದುರಸ್ತಿ. ಆಮ್‌ಸ್ಟರ್‌ಡ್ಯಾಮಿನ ಒಂದು ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಕೂತು ಹರಿದದ್ದನ್ನು ಅಂಟಿಸುತ್ತೇನೆ, ಬೂಷ್ಟು ಹಿಡಿದದ್ದನ್ನು ಒರೆಸುತ್ತೇನೆ, ಬಣ್ಣ ಉದುರುತ್ತಿದ್ದರೆ ಅದನ್ನು ನಿಲ್ಲಿಸುತ್ತೇನೆ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಇಲ್ಲಿಗೆ ಬಂದು ಈ ವಿದ್ಯೆ ಕಲಿತು, ಇಲ್ಲೇ ಉಳಿದವಳು. ಆ ವರ್ಷ ನನ್ನ ಮೇಜಿನ ಮೇಲಿದ್ದದ್ದು ಉತ್ತರ ಅಮೆರಿಕದ ಹಕ್ಕಿಗಳ ಹಳೆಯ ಪುಸ್ತಕಗಳು. ಕ್ಯಾಮೆರಾ ಇಲ್ಲದ ಕಾಲದಲ್ಲಿ ಬಂದೂಕನ್ನೂ ಬಣ್ಣದ ಪೆಟ್ಟಿಗೆಯನ್ನೂ ಹೊತ್ತು ಆ ಖಂಡದ ಕಾಡು, ಜೌಗುಗಳಲ್ಲಿ ಅಲೆದು ಹಕ್ಕಿ ಬರೆದವರು ಕೆಲವರಿದ್ದರು. ಅವರು ಬರೆದದ್ದನ್ನು ತಾಮ್ರದ ತಗಡಿನ ಮೇಲೆ ಕೊರೆದು, ಬರೀ ಕಪ್ಪು ಗೆರೆಯಲ್ಲಿ ಅಚ್ಚು ಹಾಕಿ, ಆಮೇಲೆ ಒಂದೊಂದು ಹಾಳೆಗೂ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ನೂರು ಪ್ರತಿ ಬೇಕೆಂದರೆ ನೂರು ಸಲ ಕುಂಚ ಓಡಬೇಕು. ಅದಕ್ಕೇ ಒಂದೇ ಹಕ್ಕಿಯ ಎರಡು ಹಾಳೆಗಳು ಎಂದೂ ಒಂದೇ ತರಹ ಇರುವುದಿಲ್ಲ. ಒಂದರಲ್ಲಿ ರೆಕ್ಕೆ ಕಡುನೀಲಿ, ಇನ್ನೊಂದರಲ್ಲಿ ತಿಳಿನೀಲಿ. ಒಂದರಲ್ಲಿ ಕೆಂಪು ಬಣ್ಣ ಗೆರೆ ದಾಟಿ ಹೊರಗೆ ಹರಿದಿರುತ್ತದೆ.

ಈ ಪುಸ್ತಕಗಳಿಗೆ ಹುಳಕ್ಕಿಂತ ದೊಡ್ಡ ಕಾಟ ಮನೆಗಳ ಗೋಡೆ. ಪುಸ್ತಕವನ್ನು ಇಡಿಯಾಗಿ ಮಾರುವುದಕ್ಕಿಂತ ಹೊಲಿಗೆ ಬಿಚ್ಚಿ, ಹಾಳೆ ಹಾಳೆಗೂ ಚೌಕಟ್ಟು ಹಾಕಿ ಮಾರಿದರೆ ಲಾಭ ಹೆಚ್ಚು. ಹೀಗೆ ಬೆನ್ನು ಮುರಿಸಿಕೊಂಡ ಪುಸ್ತಕಗಳ ಬರೀ ರಟ್ಟು ನಮ್ಮ ಮೇಜಿಗೆ ಬರುವುದುಂಟು. ಒಳಗೆ ಏನೂ ಇಲ್ಲದ ಆ ರಟ್ಟನ್ನು ಎತ್ತಿದಾಗ ಕೈಗೆ ಭಾರವೇ ಸಿಗುವುದಿಲ್ಲ. ಯಾರ ಮನೆಯ ಊಟದ ಮೇಜಿನ ಮೇಲೋ ಆ ಹಕ್ಕಿಗಳು ನೇತಾಡುತ್ತಾ ಬಿಸಿಲಿಗೆ ಬಣ್ಣ ಬಿಡುತ್ತಿರುತ್ತವೆ. ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಹೀಗೆ ಉರಿಯುವವಳು ನಾನು ಎಂಬುದು ಗೆಳತಿಗೂ ಗೊತ್ತಿತ್ತು. ಗೊತ್ತಿತ್ತು ಎಂದೇ ನಾನು ಅಂದುಕೊಂಡಿದ್ದೆ.

ಗೆಳತಿ ಮತ್ತು ನಾನು ಮೈಸೂರಿನಲ್ಲಿ ಒಂದೇ ಹಾಸ್ಟೆಲಿನವರು. ಈಗ ಅವಳಿಗೆ ಆಮ್‌ಸ್ಟರ್‌ಡ್ಯಾಮಿನ ಹತ್ತಿರದ ಆಲ್ಮೆರೆಯಲ್ಲಿ ಮನೆ. ಆ ವರ್ಷ ಅವಳ ಅತ್ತೆ ಮೊದಲ ಸಲ ಮೈಸೂರಿನಿಂದ ಬಂದಿದ್ದರು. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದವರು. ಈಗಲೂ ನಡೆ, ದನಿ, ಬಗ್ಗಿ ನೋಡುವ ರೀತಿ ಎಲ್ಲವೂ ಮಕ್ಕಳ ಸಾಲಿನ ನಡುವೆ ಓಡಾಡುತ್ತಿರುವಂತೆ. ತಮ್ಮ ಮನೆಯ ಪಟ್ಟದ ಗೊಂಬೆಗಳನ್ನು, ಅಂದರೆ ಮರದ ರಾಜ ರಾಣಿಯನ್ನು, ಸೀರೆಯಲ್ಲಿ ಸುತ್ತಿ ಕೈಚೀಲದಲ್ಲೇ ವಿಮಾನದಲ್ಲಿ ತಂದಿದ್ದರು. ಕಪಾಟಿನ ಹಲಗೆಗಳಿಂದ ಐದು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದ್ದರು. ಅರಿಸಿನ ಕುಂಕುಮಕ್ಕೆ ಬಾ ಎಂದು ಕರೆದಿದ್ದರಿಂದ ಮೂರನೆಯ ದಿನ ಸಂಜೆ ರೈಲಿನಲ್ಲಿ ಹೋದೆ.

"ಬಾಮ್ಮ, ಬಾ. ಚಪ್ಲಿ ಅಲ್ಲೇ ಬಿಡು. ಮೊದ್ಲು ನನ್ನ ಕಾಡು ನೋಡು, ಆಮೇಲೆ ದೇವ್ರು," ಎಂದರು ಅವರು.

ಕೆಳಗಿನ ಮೆಟ್ಟಿಲಿನಲ್ಲಿ ಕಾಡಿತ್ತು. ಟ್ರೇಗಳಲ್ಲಿ ಊರಿನಿಂದ ತಂದ ರಾಗಿ ಮೊಳೆತು ಹಸಿರಾಗಿ ನಿಂತಿತ್ತು. ಅದರ ನಡುವೆ ಕಾಲುವೆ ಪಕ್ಕದಿಂದ ಆರಿಸಿ ತಂದ ಕಡ್ಡಿಗಳು. ಕಡ್ಡಿಗಳ ಮೇಲೆ ಏಳು ಹಕ್ಕಿ: ಒಂದು ಮರಕುಟಿಗ, ಒಂದು ಮಿಂಚುಳ್ಳಿ, ಕೆಂಪು ಜುಟ್ಟಿನದೊಂದು, ನೀಲಿ ಜುಟ್ಟಿನದೊಂದು, ಒಂದು ಕಾಡುಪಾರಿವಾಳ, ಹೆಸರು ತಕ್ಷಣ ಹೊಳೆಯದ ಒಂದು ಸಣ್ಣ ಹಳದಿ ಹಕ್ಕಿ, ಮತ್ತು ಗಿಳಿ. ಒಳ್ಳೆಯ ಪ್ರಿಂಟು ಎಂದುಕೊಂಡೆ. ಬಗ್ಗಿದಾಗ ಮರಕುಟಿಗದ ಕಣ್ಣು ಮಿನುಗಿತು. ಕಪ್ಪಿನ ಮೇಲೆ ಗೋಂದು ಸವರಿದರೆ ಮಾತ್ರ ಹಾಗೆ ಮಿನುಗುತ್ತದೆ. ಆಮೇಲೆ ಕಾಗದದ ದಪ್ಪ ನೋಡಿದೆ, ಅಂಚಿನಲ್ಲಿ ಕಾಣುವ, ಹಳೆಯ ಕೈಕಾಗದದಲ್ಲಿ ಮಾತ್ರ ಇರುವ ಬಟ್ಟೆಯ ನಾರು ನೋಡಿದೆ. ಚೀಲದಿಂದ ಭೂತಗನ್ನಡಿ ತೆಗೆದೆ.

"ಏನೇ ಅದು, ನನ್ನ ಕತ್ತರಿ ಕೆಲ್ಸದಲ್ಲಿ ತಪ್ಪು ಹುಡುಕ್ತಿದ್ದೀಯಾ? ಸಿಗಲ್ಲ ಬಿಡು."

ಸಿಗಲಿಲ್ಲ. ಹಕ್ಕಿಗಳ ಕಾಲಿನ ಬೆರಳು ಬೆರಳೂ ಬಿಡಿಸಿ ಕತ್ತರಿಸಿದ್ದರು. ಕೊಕ್ಕಿನ ಬುಡದ ಕೂದಲಿನಂಥ ಗರಿಗಳನ್ನೂ ಬಿಟ್ಟಿರಲಿಲ್ಲ. ಆ ಕೈಚಳಕ ಕಂಡು ನನಗೆ ಇನ್ನಷ್ಟು ಕೋಪ ಬಂತು. ಒಡ್ಡೊಡ್ಡಾಗಿ ಕತ್ತರಿಸಿದ್ದರೆ ತಿಳಿಯದವರು ಎಂದು ಬಿಡಬಹುದಿತ್ತು.

"ಇವು ಎಲ್ಲಿ ಸಿಕ್ಕಿದ್ವು ಅಮ್ಮಾ?"

ಉತ್ತರ ಅಡುಗೆಮನೆಯಿಂದ ಗೆಳತಿ ಕೊಟ್ಟಳು. "ಅದಾ? ಈ ದೇಶದ ರಾಜನ ಬರ್ತ್‌ಡೇ ದಿನ ಕಣೇ. ಬೀದೀಲೆಲ್ಲಾ ಹಳೇ ಸಾಮಾನು ಹರಡ್ಕೊಂಡು ಕೂತಿರ್ತಾರಲ್ಲ, ಅಲ್ಲೊಬ್ಬರ ಹತ್ರ ಒಂದು ಫೈಲ್‌ನಲ್ಲಿತ್ತು. ಗೋಡೆಗೆ ಹಾಕೋಣ ಅಂತ ತಂದೆ. ಆಮೇಲೆ ನೋಡಿದ್ರೆ ಒಂಥರಾ ಕಲೆ ಕಲೆ, ಹಳೇ ಕ್ಯಾಲೆಂಡರ್ ಥರ. ಅತ್ತೆ ಬಂದ್ಮೇಲೆ ಅವ್ರಿಗೆ ಕೊಟ್ಟೆ."

"ಉಳಿದ ಕಾಗದ?"

"ಯಾವ ಉಳಿದ ಕಾಗದ?"

"ಹಕ್ಕಿ ಕತ್ತರಿಸಿದ್ಮೇಲೆ ಉಳಿದಿದ್ದು. ಕೊಂಬೆ, ಎಲೆ, ಕೆಳಗೆ ಅಕ್ಷರ ಇರುತ್ತಲ್ಲ, ಅಂಚು..."

"ರದ್ದಿ ಪೇಪರ್ ಕಂಟೇನರ್‌ಗೆ ಹಾಕಿದ್ವಿ. ತೂತು ಬಿದ್ದಿರೋ ಪೇಪರ್ ಇಟ್ಕೊಂಡು ಏನ್ ಮಾಡ್ಲಿ?"

ಹಕ್ಕಿಗಳಿಗೆ ಮತ್ತೆ ಹಾಳೆ ಸಿಗುವ ದಾರಿ ಅಲ್ಲಿಗೆ ಮುಚ್ಚಿತು. ತೂತಿರುವ ಹಾಳೆ ಸಿಕ್ಕಿದ್ದರೆ ನಾನು ಕೂರಿಸಿಬಿಡುತ್ತಿದ್ದೆ. ಜಪಾನಿನ ತೆಳು ಕಾಗದ, ಗೋಧಿ ಅಂಟು, ಎರಡು ವಾರದ ಕೆಲಸ. ಈಗ ಅವು ಎಲ್ಲೂ ಕೂರಲಾರದ ಹಕ್ಕಿಗಳು.

ಆಗ ಗಿಳಿಯ ಕಡೆ ಸರಿಯಾಗಿ ನೋಡಿದೆ. ಹಸಿರು ಮೈ, ಹಳದಿ ತಲೆ, ಮುಖದ ಮೇಲೆ ಕಿತ್ತಳೆ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಒಂದು ಕಾಲಕ್ಕೆ ಹಿಂಡು ಹಿಂಡಾಗಿ ಇದ್ದ ಗಿಳಿ. ಈಗ ಇಲ್ಲ, ಕೊನೆಯದು ಪಂಜರದಲ್ಲಿ ಸತ್ತು ನೂರು ವರ್ಷದ ಮೇಲಾಯಿತು. ಆ ಗಿಳಿಯ ಕೊರಳಿನಲ್ಲಿ ಒಂದು ಕೆಂಪು ಪಟ್ಟಿ, ಅದರ ಕೆಳಗೆ ತೆಳುವಾಗಿ ಕಪ್ಪು ಗೆರೆ. ಆ ಜಾತಿಗೆ ಪಟ್ಟಿ ಇರಲಿಲ್ಲ.

"ಇದು..." ಎಂದೆ.

"ಹ್ಞಾ, ಅದು ನಾನು ಹಾಕಿದ್ದು," ಎಂದರು ಹೆಮ್ಮೆಯಿಂದ. "ಬರೆದೋನು ಮರೆತುಬಿಟ್ಟಿದ್ದ. ಗಿಳಿ ಅಂದ್ಮೇಲೆ ಕೊರಳಲ್ಲಿ ಕೆಂಪು ಇರ್ಬೇಕಲ್ಲ. ಕುಂಕುಮ ಕಲಸಿ ಹಚ್ಚಿ, ಕೆಳಗೆ ಕಾಡಿಗೆ ಎಳೆದೆ. ಈಗ ಮುಖಕ್ಕೆ ಕಳೆ ಬಂತು ನೋಡು."

ಈ ತಪ್ಪನ್ನು ನಮ್ಮೂರಿನವರಲ್ಲದೆ ಬೇರೆ ಯಾರು ಮಾಡಲು ಸಾಧ್ಯ? ನಮಗೆ ಗಿಳಿ ಎಂದರೆ ಒಂದೇ. ದೇವಿಯ ಕೈಮೇಲೆ ಕೂತಿರುವುದು, ಶಾಸ್ತ್ರ ಹೇಳುವವನ ಪಂಜರದಲ್ಲಿರುವುದು, ರಂಗೋಲಿಯಲ್ಲಿ ಬರುವುದು, ಎಲ್ಲಕ್ಕೂ ಕೊರಳಪಟ್ಟಿ ಉಂಟು. ಸಾಲದ್ದಕ್ಕೆ ಅದೇ ಗಿಳಿ ಯಾವುದೋ ಪಂಜರಗಳಿಂದ ತಪ್ಪಿಸಿಕೊಂಡು ಈ ದೇಶದ ಪಾರ್ಕುಗಳಲ್ಲೂ ಸಂಸಾರ ಹೂಡಿದೆ. "ಇಲ್ಲೇ ಹಾರಾಡ್ತವಲ್ಲ, ಅವುಕ್ಕೂ ಇದೆ, ನೋಡಿಲ್ವಾ ನೀನು?" ಎಂದರು.

ನಾನು ಹೇಳಲು ಹೊರಟೆ, ಅದು ಬೇರೆ ಜಾತಿ, ಬೇರೆ ಖಂಡ, ಈಗ ಭೂಮಿಯ ಮೇಲೆಯೇ ಇಲ್ಲ ಎಂದು. ಅಷ್ಟರಲ್ಲಿ ಅವರು ಸ್ಪ್ರೇ ಬಾಟಲಿ ಕೈಗೆತ್ತಿಕೊಂಡು ರಾಗಿ ಪೈರಿನ ಮೇಲೆ ಪುಸ್ ಪುಸ್ ಎಂದು ನೀರು ಹೊಡೆದರು. ಮಿಂಚುಳ್ಳಿಯ ಎದೆಯ ಮೇಲೆ ಸಣ್ಣ ಹನಿಗಳು ಕೂತವು.

ಹಾಳೆಗೆ ಬಣ್ಣ ಹಿಡಿಸಿರುವುದು ಬರೀ ಗೋಂದು. ಇನ್ನೂರು ವರ್ಷವಾದರೂ ಒಂದು ಹನಿ ನೀರಿಗೆ ಅದು ಕರಗುತ್ತದೆ. ಮಿಂಚುಳ್ಳಿಯ ನೀಲಿ ಆಗಲೇ ಹೊಟ್ಟೆಯ ಬಿಳಿಗೆ ಇಳಿದು ಮೋಡದಂತೆ ಹರಡಿತ್ತು. ಬೆಳಿಗ್ಗೆ ಸಂಜೆ ಎರಡು ಹೊತ್ತು ನೀರು; ದಶಮಿಗೆ ಇನ್ನೂ ಏಳು ದಿನ. ಅಷ್ಟು ಹೊತ್ತಿಗೆ ಅಲ್ಲಿ ಉಳಿಯುವುದು ಹಕ್ಕಿಯ ಆಕಾರದ ಏಳು ಕಾಗದದ ಚೂರು ಮಾತ್ರ. ಆ ಕ್ಷಣದಿಂದ ನನಗೆ ಬೇರೇನೂ ಬೇಕಾಗಿರಲಿಲ್ಲ. ಹಾಳೆ ಹೋಯಿತು, ಹಕ್ಕಿಗಳಾದರೂ ಉಳಿಯಬೇಕು.

"ಅಮ್ಮಾ, ಇವನ್ನ ಈಗ್ಲೇ ತೆಗೆದುಬಿಡ್ಲಾ? ಬೇರೆ ಹಕ್ಕಿ ಪ್ರಿಂಟ್ ಮಾಡಿ ತಂದ್ಕೊಡ್ತೀನಿ. ಎಷ್ಟು ಬೇಕೋ ಅಷ್ಟು."

"ಕೂರಿಸಿ ಆಯ್ತಲ್ಲಮ್ಮಾ. ದಶಮಿ ಸಂಜೆವರ್ಗೂ ಕದಲಿಸೋ ಹಾಗಿಲ್ಲ. ನೀನೂ ಮೈಸೂರಲ್ಲಿ ಇದ್ದೋಳೇ ತಾನೇ?"

"ಅದು ಗೊಂಬೆಗಳಿಗೆ. ಇವು ಕಾಗದ."

"ರಾಜ ಮರ, ಅಂಗಡಿ ಶೆಟ್ಟಿ ಮಣ್ಣು, ಹಕ್ಕಿ ಕಾಗದ. ಮೆಟ್ಲು ಹತ್ತಿದ್ಮೇಲೆ ಎಲ್ಲಾ ಗೊಂಬೇನೇ."

"ಇವಕ್ಕೆ ಇನ್ನೂರು ವರ್ಷ ಆಗಿದೆ ಅಮ್ಮಾ!"

"ಆಗ್ಲಿ. ದೊಡ್ಡೋರು ಬಂದಿದ್ದಾರೆ ಅಂದ್ರೆ ಇನ್ನೂ ಮರ್ಯಾದೆಯಾಗಿ ಕೂರಿಸ್ಬೇಕು. ಮಧ್ಯದಲ್ಲಿ ಎಬ್ಬಿಸಿ ಕಳಿಸ್ತಾರಾ?"

ಗೆಳತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಪ್ಲೀಸ್ ಕಣೇ. ಬಂದಾಗಿಂದ ಇಲ್ಲಿ ಕೂತ್ರೆ ಬೇಜಾರು, ನಿಂತ್ರೆ ಬೇಜಾರು ಅಂತಿದ್ರು. ಆ ಕತ್ತರಿ ಹಿಡಿದ ಮೂರು ದಿನ ಮಾತ್ರ ಹಾಡು ಹೇಳ್ಕೊಂಡಿದ್ರು. ನಂಗೆ ಗೊತ್ತಿರ್ಲಿಲ್ಲ ಕಣೇ ಅದು ಒರಿಜಿನಲ್ ಅಂತ. ಈಗ ಅವ್ರಿಗೆ ಏನೂ ಅನ್ಬೇಡ. ಕಾಗದ ತಾನೇ?"

ನಾನು ಅತ್ತಿದ್ದರೆ ಈ ಮಾತಿಗೆ ಅತ್ತಿರಬೇಕು. ಎಷ್ಟು ಸಲ ನನ್ನ ಕೆಲಸದ ಬಗ್ಗೆ ಅವಳಿಗೆ ಹೇಳಿದ್ದೆ! ಅವಳು ಹೂಂ ಹೂಂ ಅಂದಿದ್ದಳು. ಹೂಂ ಅನ್ನುವವರೆಲ್ಲ ಕೇಳಿಸಿಕೊಂಡಿರುತ್ತಾರೆ ಎಂದು ನಂಬಿದ್ದು ನನ್ನ ದಡ್ಡತನ.

ಮರಳುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ಎಲ್ಲರಿಗೂ ಬೈದೆ. ಪುಸ್ತಕದ ಹೊಲಿಗೆ ಬಿಚ್ಚಿದವನು ಯಾರೋ, ಅವನಿಗೆ. ಬೀದಿಯಲ್ಲಿ ಹಳೆಯ ಬೂಟುಗಳ ಪಕ್ಕ ಅದನ್ನು ಹರಡಿಕೊಂಡು ಕೂತವರಿಗೆ. ಗೋಡೆಗೆ ಎಂದು ತಂದು ಗೋಡೆಗೂ ಹಾಕದ ಗೆಳತಿಗೆ. ಚಿತ್ರ ಕಲಿಸಿದ ಕೈಯಿಂದಲೇ ಚಿತ್ರ ಕತ್ತರಿಸಿದ ಅವಳ ಅತ್ತೆಗೆ. ಎದುರಿಗೆ ಕೂತ ಹುಡುಗಿ ನನ್ನ ಹಣೆಯ ಕುಂಕುಮ ನೋಡಿ ನಕ್ಕಳು, ಸ್ನೇಹದಿಂದಲೇ ಇರಬೇಕು. ನಾನು ನಗಲಿಲ್ಲ.

ಮರುದಿನ ನಮ್ಮ ವಿಭಾಗದ ಹಿರಿಯಳಿಗೆ ಹೇಳಿದೆ. ಈ ದೇಶದವಳು, ಮೂವತ್ತು ವರ್ಷದ ಅನುಭವ, ನನಗೆ ಗೋಧಿ ಅಂಟು ಕಾಸುವುದನ್ನು ಕಲಿಸಿದವಳು. ಆಕೆ ಸಿಟ್ಟಾಗುತ್ತಾಳೆ, ನನ್ನ ಜೊತೆ ಆಲ್ಮೆರೆಗೇ ಬರುತ್ತಾಳೆ ಎಂದುಕೊಂಡಿದ್ದೆ. ಆಕೆ ಕಾಫಿ ಕಲಕುತ್ತಾ, ಪುಸ್ತಕ ಒಡೆದ ದಿನವೇ ಅದು ಸತ್ತಿತು, ಬಿಡಿ ಹಾಳೆ ನಮ್ಮದಲ್ಲ, ಅದೂ ಕತ್ತರಿಸಿದ್ದು, ಆ ಮನೆಯವರ ಸ್ವತ್ತು, ಅವರಿಷ್ಟ ಎಂದಳು. ಆಮೇಲೆ ನನ್ನ ಫೋನಿನಲ್ಲಿದ್ದ ಚಿತ್ರ ನೋಡಿದಳು. ರಾಗಿ ಪೈರಿನ ನಡುವೆ ಕುಂಕುಮದ ಪಟ್ಟಿ ತೊಟ್ಟ ಗಿಳಿ. ಎಷ್ಟು ಮುದ್ದಾಗಿದೆ ಎಂದು ನಕ್ಕು ಪಕ್ಕದ ಮೇಜಿನವರಿಗೂ ತೋರಿಸಿದಳು. ಅವರೂ ನಕ್ಕರು.

ಆಗ ನನಗೆ ಬಂದ ಕೋಪ ಹಿಂದಿನ ದಿನದ್ದಕ್ಕಿಂತ ಹೆಚ್ಚು. ಅಷ್ಟು ಸಣ್ಣ ಬೆರಳುಗಳನ್ನು ಬಿಡಿಸಿ ಕತ್ತರಿಸಲು ನಮ್ಮಲ್ಲಿ ಯಾರಿಗೆ ಬರುತ್ತದೆ ಎಂದು ಕೇಳಿದೆ. ಇವನ್ನು ಕತ್ತರಿಸಿದವರು ಚಿತ್ರ ಕಲಿಸಿದವರು, ಮುದ್ದು ಅಲ್ಲ ಎಂದೆ. ಬೆಳಿಗ್ಗೆಯವರೆಗೂ ನಾನೇ ಬೈಯುತ್ತಿದ್ದ ಮುದುಕಿಯ ಪರವಾಗಿ ಈಗ ಜಗಳಕ್ಕೆ ನಿಂತಿದ್ದೆ. ಇದು ಡೈರಿಯಲ್ಲಿ ಇದೆ, ನೆನಪಿನಲ್ಲಿ ಇರಲಿಲ್ಲ. ಓದಿದಾಗ ಆಶ್ಚರ್ಯವಾಯಿತು.

ಮಧ್ಯಾಹ್ನ ಪ್ರಯೋಗಾಲಯದಿಂದ ಒಂದು ಗಾಜಿನ ಡ್ರಾಪರ್ ತೆಗೆದುಕೊಂಡು, ಕೆಲಸ ಬೇಗ ಬಿಟ್ಟು ಆಲ್ಮೆರೆಗೆ ಹೋದೆ. ಹಕ್ಕಿ ಕದಲಿಸುವುದು ಬೇಡ. ನೀರು ಹಾಕುವ ಕೆಲಸ ನನಗೆ ಕೊಡಿ ಎಂದೆ. ದೇವರ ಮುಂದೆ ಸೇವೆ ಮಾಡುತ್ತೇನೆ ಎಂದವಳಿಗೆ ಅವರು ಇಲ್ಲ ಎನ್ನುವ ಹಾಗಿರಲಿಲ್ಲ. ನನಗೆ ಅದು ಗೊತ್ತಿತ್ತು.

ನೆಲದ ಮೇಲೆ ಹೊಟ್ಟೆಯೂರಿ ಮಲಗಿ, ಪೈರಿನ ಬುಡಕ್ಕೆ ಒಂದೊಂದೇ ಹನಿ ಬಿಡುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಏನಮ್ಮಾ, ಶಿಶುವಿಗೆ ಗ್ರೈಪ್ ವಾಟರ್ ಕುಡಿಸ್ತಿದ್ದೀಯಾ?"

ನಾನು ಇನ್ನೊಂದು ಹನಿ ಬಿಟ್ಟೆ.

"ಮುಖ ನೋಡು, ಹಲಸಿನ ಹಣ್ಣಾಗಿದೆ. ಕೋಪ ಬಂದ್ರೆ ಬೈದುಬಿಡು. ನಾನೇನು ನಿಮ್ಮತ್ತೇನಾ?"

ನವರಾತ್ರಿ ಮುಗಿಯುವವರೆಗೂ ದಿನಾ ಹೋಗಿದ್ದೆ ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಡೈರಿಯಲ್ಲಿ ಮೂರೇ ದಿನದ ರೈಲು ಪ್ರಯಾಣವಿದೆ. ಉಳಿದ ದಿನಗಳಲ್ಲಿ ಆ ಡ್ರಾಪರ್ ಹಿಡಿದು ಹನಿ ಬಿಟ್ಟವರು ಯಾರು? ಗೆಳತಿ ಬೆಳಿಗ್ಗೆ ಏಳೂವರೆಯ ರೈಲಿಗೆ ಓಡುವವಳು. ಅವರೇ ಬಿಟ್ಟಿರಬೇಕು, ಆ ವಯಸ್ಸಿನಲ್ಲಿ ನೆಲದ ಮೇಲೆ ಮಂಡಿಯೂರಿ. ಇದನ್ನು ಆಗ ನಾನು ಯೋಚಿಸಲೇ ಇಲ್ಲ.

ಎರಡನೆಯ ಸಲ ನೀರು ಹಾಕಲು ಹೋದಾಗ ಅವರೇ ಮಾತು ತೆಗೆದರು.

"ನೀನು ಇಷ್ಟು ಓದಿದ್ದೀಯ, ಒಂದು ಹೇಳು. ಈ ಹಕ್ಕಿ ಬರೆದೋನು ಜೀವಂತ ಹಕ್ಕಿ ನೋಡಿ ಬರೆದ್ನಾ?"

"ಯಾಕೆ?"

"ಗಿಳಿ ಕಾಲು ನೋಡು. ಕೊಂಬೆ ಹಿಡಿದೇ ಇರ್ಲಿಲ್ಲ. ಸುಮ್ನೆ ಕೊಂಬೆ ಮೇಲೆ ಇಟ್ಟಿತ್ತು. ಕತ್ತರಿಸೋವಾಗ್ಲೇ ಅನ್ನಿಸ್ತು. ಹಿಡಿದಿರೋ ಕಾಲಾದ್ರೆ ಕೊಂಬೆ ಬಿಡಿಸಿ ಕತ್ತರಿಸೋಕೆ ಆಗ್ತಿರ್ಲಿಲ್ಲ. ಇದು ಸುಲಭವಾಗಿ ಬಂತು. ಸತ್ತಿರೋದನ್ನ ನೋಡಿ ಬರೆದಿದ್ದಾನೆ."

ನಾನು ಆ ತರಹದ ಹಾಳೆಗಳ ಜೊತೆ ಎರಡು ವರ್ಷ ಕಳೆದಿದ್ದೆ. ಹಸಿರಿನಲ್ಲಿ ತಾಮ್ರ ಎಷ್ಟಿದೆ, ಕಾಗದ ಎಲ್ಲಿಯದು, ಯಾವ ಗೆರೆಯನ್ನು ಎರಡನೆಯ ಸಲ ಕೊರೆದಿದ್ದಾರೆ, ಎಲ್ಲ ಹೇಳಬಲ್ಲೆ. ಕಾಲು ಕೊಂಬೆಯನ್ನು ಹಿಡಿದಿಲ್ಲ ಎಂಬುದನ್ನು ನೋಡಿರಲಿಲ್ಲ.

ಹೌದು ಎಂದೆ. ಗುಂಡು ಹೊಡೆದು ಕೆಡವುತ್ತಿದ್ದರು, ಬಣ್ಣ ಮಾಸುವ ಮೊದಲೇ ಬರೆಯಬೇಕಿತ್ತು, ಕೆಲವರು ಹಲಗೆಯ ಮೇಲೆ ತಂತಿ ಚುಚ್ಚಿ ರೆಕ್ಕೆ ಬಿಡಿಸಿ ನಿಲ್ಲಿಸುತ್ತಿದ್ದರು ಎಂದು ಹೇಳಿದೆ. ಈ ಗಿಳಿಗಳ ವಿಷಯವನ್ನೂ ಹೇಳಿದೆ. ಹಿಂಡಿನಲ್ಲಿ ಒಂದು ಬಿದ್ದರೆ ಉಳಿದವು ಹಾರಿಹೋಗುತ್ತಿರಲಿಲ್ಲ. ಬಿದ್ದದ್ದರ ಮೇಲೆಯೇ ಕೂಗುತ್ತಾ ಸುತ್ತುತ್ತಿದ್ದವು. ಹಾಗಾಗಿ ನಿಂತಲ್ಲೇ ಹಿಂಡನ್ನೆಲ್ಲ ಹೊಡೆಯಬಹುದಿತ್ತು. ಹೊಡೆದವರೇ ಅದನ್ನು ಬರೆದಿಟ್ಟಿದ್ದಾರೆ.

ಆಮೇಲೆ ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು.

"ಅಲ್ವೇ, ಸುತ್ತ ಅಳ್ತಿರೋ ಹಕ್ಕೀನ ಹೊಡೆದು, ತಂತಿ ಚುಚ್ಚಿ, ಅದರ ಮೇಲೆ ಬಣ್ಣ ಬಳಿದಿರೋ ಕಾಗದಕ್ಕೆ ನೀನು ನಾಲ್ಕು ದಿನದಿಂದ ನನ್ನ ಮೇಲೆ ಮುಖ ಊದಿಸ್ಕೊಂಡಿದ್ದೀಯಾ? ನಾನು ಕತ್ತರಿಸಿದ್ದು ಕಾಗದಾನ. ನಿನ್ನ ಕೋಪ ಯಾರ ಮೇಲೆ, ಅದನ್ನ ಮೊದ್ಲು ತೀರ್ಮಾನ ಮಾಡು."

"ನಿಮ್ಮ ಮೇಲೆ," ಎಂದೆ.

"ಹೂಂ. ನಾನು ಕೈಗೆ ಸಿಗ್ತೀನಲ್ಲ."

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಆ ಕಾಗದ ಕೊಂದವನೊಬ್ಬನದೇ ಅಲ್ಲ, ಬಣ್ಣ ಹಚ್ಚಿದವರು ಬೇರೆ. ದೂರದ ಊರಿನಲ್ಲಿ ಕಿಟಕಿಯ ಬಳಿ ಕೂತು, ಕೂಲಿಗೆ, ದಿನಕ್ಕೆ ಇಷ್ಟು ಹಸಿರು ರೆಕ್ಕೆ ಎಂದು ಹಚ್ಚಿದವರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಕೈ ಮಾತ್ರ ಅಲ್ಲಿ ಉಳಿದಿದೆ. ಅದನ್ನು ನೀವು ದಿನಾ ತೊಳೆಯುತ್ತಿದ್ದಿರಿ ಎಂದೆ. ಇಷ್ಟು ಸರಾಗವಾಗಿ ಹೇಳಿದೆನೋ ಇಲ್ಲವೋ, ಬರೆಯುವಾಗ ಮಾತು ತಾನಾಗಿ ಚೊಕ್ಕವಾಗುತ್ತದೆ. ಅವರು ಕುರ್ಚಿಯಿಂದ ಬಗ್ಗಿ ಗಿಳಿಯನ್ನು ಮತ್ತೆ ನೋಡಿದರು.

"ಬೇರೆಯವರಾ ಹಚ್ಚಿದ್ದು? ಅದಕ್ಕೇ. ಈ ಹಳದಿ ಹಚ್ಚಿದೋಳಿಗೆ ಅವಸರ. ಹಸಿರು ಒಣಗೋ ಮುಂಚೇನೇ ಹಚ್ಚಿಬಿಟ್ಟಿದ್ದಾಳೆ, ಕಲೆತಿದೆ ನೋಡು. ಅವ್ರು ಹಕ್ಕಿ ನೋಡಿದ್ರಾ?"

"ಇಲ್ಲ. ಒಂದು ಮಾದರಿ ಹಾಳೆ ಇರ್ತಿತ್ತು. ಅದನ್ನ ನೋಡಿ ಹಚ್ತಿದ್ರು."

"ಮತ್ತೆ ನಾನು ಮಾಡಿದ್ದು ಏನು ಬೇರೆ?"

"ನಿಮಗೆ ಮಾದರಿ ಇರ್ಲಿಲ್ಲ."

"ಇತ್ತು. ಪಾರ್ಕಲ್ಲಿತ್ತು."

ಆ ಕಾಲದ ಬರೆಯುವವರಲ್ಲೂ ಕೆಲವರು ಹೀಗೇ ಮಾಡಿದ್ದರು. ಒಣಗಿದ ಚರ್ಮ ಮಾತ್ರ ಹಡಗಿನಲ್ಲಿ ಬಂದಾಗ, ಕಣ್ಣಿನ ಬಣ್ಣ ತಿಳಿಯದೆ, ನಿಲ್ಲುವ ಭಂಗಿ ತಿಳಿಯದೆ, ತಮ್ಮ ಊರಿನ ಹಕ್ಕಿಯನ್ನು ನೋಡಿ ಅಮೆರಿಕದ ಹಕ್ಕಿಯನ್ನು ತಿದ್ದಿದ್ದರು. ಇದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಗೆದ್ದುಬಿಡುತ್ತಿದ್ದರು. ನನ್ನ ವಿದ್ಯೆಯ ಪ್ರಾಮಾಣಿಕತೆ ಅಷ್ಟು.

ದಶಮಿಯ ಸಂಜೆ ಆರತಿ ಮಾಡಿ ರಾಜ ರಾಣಿಯನ್ನು ಮಲಗಿಸಿದರು. ನಾನು ಬಟ್ಟೆಯ ಕೈಗವಸು, ಇಕ್ಕಳ, ಎರಡು ಫೋಲ್ಡರ್ ತಂದಿದ್ದೆ. ಮಿಂಚುಳ್ಳಿಯ ಹೊಟ್ಟೆ ಕೆಟ್ಟಿತ್ತು, ಉಳಿದವು ಚೆನ್ನಾಗಿದ್ದವು. ಅವರು ಒಂದೊಂದಾಗಿ ಆರು ಹಕ್ಕಿಗಳನ್ನು ನನ್ನ ಮುಂದೆ ಇಟ್ಟರು.

"ತಗೋ. ನಿನ್ನ ಹತ್ರಾನೇ ಇರ್ಲಿ. ನೀನೇ ನೋಡ್ಕೋ."

"ಗಿಳಿ?"

"ಅದು ನನ್ನ ಜೊತೆ ಮೈಸೂರಿಗೆ ಬರುತ್ತೆ. ಮುಂದಿನ ವರ್ಷ ಕೂರಿಸ್ಬೇಕಲ್ಲ."

ಆ ಸಲ ನಿಜವಾಗಿಯೂ ದನಿ ಏರಿಸಿದೆ, ಗೆಳತಿಯೂ ಒಪ್ಪುತ್ತಾಳೆ. ಅದು ಆಟದ ಸಾಮಾನಲ್ಲ, ಆ ಹಕ್ಕಿಯೇ ಈಗ ಇಲ್ಲ, ಉಳಿದಿರುವುದೇ ಇಂಥ ಕಾಗದಗಳಲ್ಲಿ, ನೀವು ಹಾಳು ಮಾಡುತ್ತೀರಿ ಎಂದೆ. ಕೊನೆಯ ಮಾತು ಆಡಬಾರದಿತ್ತು. ಗೆಳತಿ ಆರತಿ ತಟ್ಟೆ ಹಿಡಿದುಕೊಂಡು ನಮ್ಮಿಬ್ಬರ ನಡುವೆ ನಿಂತಿದ್ದಳು.

"ಹಾಳು ಮಾಡ್ತೀನಾ?" ಅವರು ರಾಣಿ ಗೊಂಬೆಯನ್ನು ಎತ್ತಿ ನನ್ನ ಕೈಗಿಟ್ಟರು. "ನಮ್ಮತ್ತೆಯ ಅತ್ತೆಗೆ ಮದ್ವೇಲಿ ಕೊಟ್ಟಿದ್ದು. ಎಲ್ಲಾದ್ರೂ ಮುಕ್ಕಾಗಿದ್ಯಾ ನೋಡು."

ಮುಕ್ಕಾಗಿರಲಿಲ್ಲ. ಮುಖದ ಬಣ್ಣ ಹೊಸದಾಗಿತ್ತು.

"ಬಣ್ಣ ಹೋದಾಗೆಲ್ಲ ಹಚ್ತೀವಿ," ಎಂದರು. "ನಮ್ಮತ್ತೆ ಹಚ್ಚಿದ್ರು, ನಾನು ಹಚ್ಚಿದೀನಿ. ನೀನಾಗಿದ್ರೆ ಎಲ್ಲಾ ಕೆರೆದು ಮೊದಲನೇ ಬಣ್ಣ ಹುಡುಕ್ತಿದ್ದೆ. ಗಿಳೀನ ನಿನ್ನ ಕೈಗೆ ಕೊಟ್ರೆ ನೀನು ಮೊದ್ಲು ಮಾಡೋ ಕೆಲ್ಸ ಏನು ಹೇಳು? ನನ್ನ ಪಟ್ಟಿ ಅಳಿಸ್ತೀಯ."

ಸುಳ್ಳು ಹೇಳಲಾಗಲಿಲ್ಲ. ಆ ಕುಂಕುಮಕ್ಕೆ ಯಾವ ದ್ರಾವಣ, ಎಷ್ಟು ಹೊತ್ತು ಎಂದು ನಾನು ಆಗಲೇ ಬರೆದಿಟ್ಟುಕೊಂಡಿದ್ದೆ. ಅಳಿಸುವಾಗ ಅಡಿಯ ಹಸಿರೂ ಸ್ವಲ್ಪ ಎದ್ದುಬರಬಹುದು ಎಂದೂ ಬರೆದಿದ್ದೆ. ಆದರೂ ಅಳಿಸುವವಳಿದ್ದೆ.

ಕಾಗದ ಅವರದು. ಬೀದಿಯಲ್ಲಿ ತಂದದ್ದು ಅವರ ಸೊಸೆ, ಕತ್ತರಿಸಿದ್ದು ಅವರು. ನನಗೆ ಯಾವ ಹಕ್ಕೂ ಇರಲಿಲ್ಲ. ಹಕ್ಕಿಲ್ಲ ಎಂದು ತಿಳಿದಷ್ಟೂ ಉರಿ ಹೆಚ್ಚಾಗುತ್ತಿತ್ತು. ಉಳಿಸಬೇಕು ಎಂದು ಏಳು ದಿನ ಒದ್ದಾಡಿದೆನಲ್ಲ, ಅದರಲ್ಲಿ ನನ್ನದಾಗಿಸಿಕೊಳ್ಳಬೇಕು ಎಂಬುದೂ ಸೇರಿತ್ತೇ? ಗ್ರಂಥಾಲಯ ಬೇಡವೆಂದಿತ್ತು; ಗಿಳಿ ನನ್ನ ಮನೆಯ ಡ್ರಾಯರಿಗೇ ಹೋಗುವುದಿತ್ತು. ಆ ಕತ್ತಲ ಡ್ರಾಯರಿನಲ್ಲಿ, ಪಟ್ಟಿ ಅಳಿಸಿಕೊಂಡು, ಯಾರೂ ನೋಡದೆ.

ಅವರು ಊರಿಗೆ ಹೊರಡಲು ಎರಡು ವಾರವಿತ್ತು. ಮನೆಯಲ್ಲಿದ್ದ, ಕಾಗದ ಕೆಡಿಸುವ ಆಮ್ಲವಿಲ್ಲದ ರಟ್ಟು ತೆಗೆದು, ಒಂದು ಭಾನುವಾರ ಪೂರ್ತಿ ಕೂತು ಗಿಳಿಗೆ ಪೆಟ್ಟಿಗೆ ಮಾಡಿದೆ. ಒಂದೊಂದು ಮಡಿಕೆ ಮಡಿಸುವಾಗಲೂ ಬೈದುಕೊಂಡೆ. ಒಳಗೆ ಬೆನ್ನಿಗೆ ಗಟ್ಟಿ ಕಾಗದ ಕೊಟ್ಟೆ, ಮುಂದೆ ಪಾರದರ್ಶಕ ಹಾಳೆ ಹೊದಿಸಿದೆ, ಕೂರಿಸಿದಾಗ ಹನಿ ಬಿದ್ದರೂ ತಾಕದ ಹಾಗೆ. ಅಲ್ಲಿ ಮಳೆಗಾಲದಲ್ಲಿ ಗಾಳಿಯಲ್ಲೇ ನೀರಿರುತ್ತದೆ ಎಂದು ನೆನಪಾಗಿ ತೇವ ಹೀರುವ ಪೊಟ್ಟಣ ಇಡಲು ಒಂದು ಖಾನೆ ಕೂಡಿಸಿದೆ. ಮುಚ್ಚಳದ ಒಳಗೆ ದಪ್ಪ ಅಕ್ಷರದಲ್ಲಿ ಬರೆದೆ: ದೀಪದಿಂದ ದೂರ, ಬಿಸಿಲು ಬೇಡ, ಒದ್ದೆ ಕೈ ಬೇಡ, ಹೊಸ ಬಣ್ಣ ಬೇಡವೇ ಬೇಡ.

ಆಲ್ಮೆರೆಯಲ್ಲಿ ಅವರು ಕನ್ನಡಕ ಹಾಕಿಕೊಂಡು ಅದನ್ನು ಗಟ್ಟಿಯಾಗಿ ಓದಿದರು. "ಅಬ್ಬಾ, ಪರೀಕ್ಷೆ ಹಾಲ್ ಥರ ಇದೆ," ಎಂದು ಸೊಸೆಯ ಕಡೆ ತಿರುಗಿ ನಕ್ಕರು. ಮುಚ್ಚಳವನ್ನು ನಾಲ್ಕಾರು ಸಲ ತೆರೆದು ಮುಚ್ಚಿದರು. ಮೂಲೆಗಳನ್ನು ಉಗುರಿನಿಂದ ಒತ್ತಿ ನೋಡಿದರು. ನಾನು ಕತ್ತರಿಸಿದ್ದರಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು. ಸಿಗಲಿಲ್ಲ ಎಂದೂ ತಿಳಿಯಿತು, ಏಕೆಂದರೆ ಅವರು ಕೇಳಿದ್ದು ಇದು:

"ಇಂಥದ್ದೇ ಇನ್ನೆರಡು ಮಾಡ್ಕೊಡು. ರಾಜನಿಗೊಂದು, ರಾಣಿಗೊಂದು. ಸೀರೇಲಿ ಸುತ್ತಿ ಎಷ್ಟು ದಿನ ಅಂತ ಓಡಾಡ್ಸೋದು?"

ನನ್ನಿಂದಾಗದು, ನನಗೆ ಬೇರೆ ಕೆಲಸವಿದೆ ಎಂದು ಖಡಾಖಂಡಿತವಾಗಿ ಹೇಳಿ ಎದ್ದು ಬಂದೆ. ಎಷ್ಟೋ ದಿನ ಇದನ್ನು ನನ್ನ ಗೆಲುವು ಎಂದೇ ನೆನೆಯುತ್ತಿದ್ದೆ. ಈಗ ಇದನ್ನು ಬರೆಯಲೆಂದು ಆ ದಿನದ ಪುಟ ತೆರೆದೆ. ಜಗಳದ ಸುದ್ದಿಯೇ ಅಲ್ಲಿಲ್ಲ. ಪೆನ್ಸಿಲಿನಲ್ಲಿ ಎರಡು ಸಾಲು ಅಳತೆ ಬರೆದಿದೆ, ಎತ್ತರ, ಅಗಲ, ಕಿರೀಟ ಸೇರಿ. ಪಕ್ಕದಲ್ಲಿ, ರಾಣಿಯದು ಸ್ವಲ್ಪ ಗಿಡ್ಡ ಎಂದು.